ಬಾಳಿಕೆ ಬರುವ ಕಾರು

ನನ್ನ ಮೈದುನನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು. ಆದರೆ ಬೀದಿಯಲ್ಲಿ, ಫ್ಯಾಕ್ಟರಿಯಲ್ಲಿ, ಕೊನೆಗೆ ಪೋಸ್ಟಿನವನ ಬಾಯಲ್ಲೂ ಅವನು ‘ಬಾಳಿಕೆ’. ಕೊಡೆ ಕೊಳ್ಳಲಿ, ಬಕೀಟು ಕೊಳ್ಳಲಿ, ಅಂಗಡಿಯವನ ಮುಂದೆ ನಿಂತು ಅವನು ಕೇಳುವ ಮೊದಲ ಮಾತು ಒಂದೇ: “ಬಾಳಿಕೆ ಬರುತ್ತಾ?” ಬರುತ್ತೆ ಅಂದರೆ ನಂಬುವುದಿಲ್ಲ, ಬರಲ್ಲ ಅಂದರೆ ಕೊಳ್ಳುವುದಿಲ್ಲ. ಹೀಗಾಗಿ ಮಳೆಯಲ್ಲಿ ನೆಂದುಕೊಂಡೇ ಮನೆಗೆ ಬರುತ್ತಿದ್ದ.

ತಪ್ಪು ಅವನದಲ್ಲ, ಅವನ ಕೆಲಸದ್ದು. ಅವನಿದ್ದದ್ದು ಬೂಟಿನ ಫ್ಯಾಕ್ಟರಿಯಲ್ಲಿ. ಬೂಟು ಮಾಡುವ ಕಡೆಯಲ್ಲ, ಅದನ್ನು ಕೆಡಿಸುವ ಕಡೆ. ಹೊಸ ಬೂಟೊಂದನ್ನು ತಂದು ಯಂತ್ರಕ್ಕೆ ಸಿಕ್ಕಿಸಿದರೆ ಅದು ಅಟ್ಟೆಯನ್ನು ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ, ಮನುಷ್ಯ ನಡೆದ ಹಾಗೆಯೇ ಆಡಿಸುತ್ತಿತ್ತು. ಒಳಗೆ ಕಾಲಿಲ್ಲ, ಎದುರಿಗೆ ದಾರಿಯಿಲ್ಲ, ಬೂಟು ಮಾತ್ರ ನಡೆಯುತ್ತಲೇ ಇರುತ್ತಿತ್ತು. ನನ್ನ ಮೈದುನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು, ಆಗಾಗ ಯಂತ್ರ ನಿಲ್ಲಿಸಿ, ಹೆಬ್ಬೆರಳಿನಿಂದ ಅಟ್ಟೆಯನ್ನು ಒತ್ತಿ, ಎಲ್ಲಾದರೂ ಕೂದಲೆಳೆಯಷ್ಟು ಬಿರುಕು ಬಿಟ್ಟಿತೇ ಎಂದು ನೋಡಬೇಕು. ಅಷ್ಟೇ ಕೆಲಸ. ತಲೆಗೂದಲು ಕಪ್ಪಗಿದ್ದಾಗ ಸೇರಿದವನು ಬೆಳ್ಳಗಾದ ಮೇಲೆ ಎದ್ದು ಬಂದ.

ಒಂದು ದಿನ ನಮ್ಮ ಮನೆಯವರು ಊಟ ಮಾಡುತ್ತಾ ಕೇಳಿದರು, “ಅಲ್ಲವೋ, ಬೆಳಿಗ್ಗೆಯಿಂದ ಸಂಜೆ ತನಕ ಅಲ್ಲಿ ಏನು ಮಾಡ್ತೀಯ?”

“ಯಾವಾಗ ಹಾಳಾಗುತ್ತೆ ಅಂತ ಕಾಯ್ತೀನಿ ಅಣ್ಣ.”

“ಹಾಳಾಗದಿದ್ರೆ?”

“ಆಗುತ್ತೆ ಅಣ್ಣ. ತಡ ಆಗಬಹುದು, ಅಷ್ಟೆ.”

ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ.

ಮದುವೆಯೂ ಇದೇ ಮಾತಿನಿಂದ ತಪ್ಪಿತು. ಒಂದು ಸಂಬಂಧ ಕೈಗೂಡುವ ಹಂತಕ್ಕೆ ಬಂದಿತ್ತು. ಹುಡುಗಿಯ ಸೋದರಮಾವ ದೊಡ್ಡ ಮನಸ್ಸು ಮಾಡಿ, “ನಿಮಗೂ ಏನಾದ್ರೂ ಕೇಳೋದಿದ್ರೆ ಸಂಕೋಚ ಬೇಡ, ಕೇಳಿಯಪ್ಪಾ” ಅಂದರು. ಇವನು ಸಂಕೋಚ ಬಿಟ್ಟು, “ನಿಮ್ಮ ಮನೇಲಿ ಸಾಮಾನ್ಯವಾಗಿ ಎಲ್ಲರೂ ಎಷ್ಟು ವರ್ಷ ಬದುಕ್ತಾರೆ?” ಎಂದು ಕೇಳಿದ. ಮಾವ ಚಹಾದ ಲೋಟ ಕೆಳಗಿಟ್ಟರು. ಆಸ್ತಿ ಕೇಳಿದ ಗಂಡುಗಳನ್ನು ಅವರು ನೋಡಿದ್ದರು, ಆಯಸ್ಸು ಕೇಳಿದವನನ್ನು ನೋಡಿರಲಿಲ್ಲ. ಆಮೇಲೆ ಇನ್ನೊಂದು ಸಂಬಂಧ ಹುಡುಕುವ ಉತ್ಸಾಹ ನಮ್ಮ ಮನೆಯವರಿಗೂ ಉಳಿಯಲಿಲ್ಲ.

ಹಾಗೆ ಅವನು ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಉಳಿದ. ಕೆಳಗೆ ನಾವಿಬ್ಬರು, ಮೇಲೆ ಅವನೊಬ್ಬ. ನನಗೆ ಮಕ್ಕಳಿಲ್ಲ. ನಮ್ಮ ಮನೆಯವರು ಹೋದ ಮೇಲೆ ಕೆಳಗೆ ನಾನೊಬ್ಬಳು, ಮೇಲೆ ಅವನೊಬ್ಬ. ಅಲ್ಲಿಯವರೆಗೆ ಅಡುಗೆಮನೆಯಲ್ಲಿ ಕೂತು ಹರಟೆ ಹೊಡೆಯುತ್ತಾ ಉಣ್ಣುತ್ತಿದ್ದವನು ಒಳಗೆ ಬರುವುದನ್ನು ಬಿಟ್ಟ. “ಒಬ್ಬರೇ ಇರೋ ಮನೆ, ಜನ ನಾಲ್ಕು ತರ ಮಾತಾಡ್ತಾರೆ ಅತ್ತಿಗೆ” ಅಂದ. ಮಾತಾಡಲು ಯಾರಿದ್ದರು? ಎದುರುಮನೆಯ ಮುದುಕನಿಗೆ ಕಣ್ಣು ಕಾಣುತ್ತಿರಲಿಲ್ಲ, ಪಕ್ಕದ ಮನೆಗೆ ಬೀಗ ಬಿದ್ದಿತ್ತು. ಆದರೂ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತು ಉಂಡು, ತೊಳೆದಿಟ್ಟು, ಮೇಲೆ ಹೋಗುತ್ತಿದ್ದ. ನನಗೆ ಸೂರಿನಲ್ಲಿ ಅವನ ಹೆಜ್ಜೆ ಕೇಳುತ್ತಿತ್ತು. ಅವನಿಗೆ ನನ್ನ ಪಾತ್ರೆಯ ಸದ್ದು ಕೇಳುತ್ತಿದ್ದಿರಬೇಕು. ನಮ್ಮಿಬ್ಬರ ಮಾತುಕತೆ ಬಹಳ ಕಾಲ ಅಷ್ಟೇ ಆಗಿತ್ತು.

ಕೆಲಸದಿಂದ ನಿವೃತ್ತನಾದ ವರ್ಷ ಒಂದು ಸಂಜೆ ಮೆಟ್ಟಿಲ ಮೇಲಿಂದ ಹೇಳಿದ, “ಅತ್ತಿಗೆ, ಒಂದು ಕಾರು ತಗೋಬೇಕು ಅಂತಿದ್ದೀನಿ. ದೊಡ್ಡದು.”

ಕೊಡೆ ಕೊಳ್ಳದವನ ಬಾಯಲ್ಲಿ ಕಾರು! ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡೋಣ ಅನ್ನಿಸಿತು.

“ಯಾವ ದೊಡ್ಡದೋ?”

“ಸಾಹೇಬರ ಹತ್ತಿರ ಇತ್ತಲ್ಲ, ಅಂಥದ್ದು.”

ಆಗ ಹೇಳಿದ. ಬಹಳ ಹಿಂದೆ ಒಮ್ಮೆ ಯಂತ್ರಕ್ಕೆ ಬೆರಳು ಸಿಕ್ಕಿ ರಕ್ತ ಸುರಿಯುವಾಗ ಫ್ಯಾಕ್ಟರಿ ಸಾಹೇಬರು ತಮ್ಮ ಕಾರಿನಲ್ಲೇ ಅವನನ್ನು ಆಸ್ಪತ್ರೆಗೆ ಕಳಿಸಿದ್ದರಂತೆ. “ಡ್ರೈವರ್ ಬಾಗಿಲು ಹಾಕಿದ ನೋಡಿ ಅತ್ತಿಗೆ, ಆ ಕ್ಷಣ ಲೋಕ ಆಚೆ ಉಳೀತು. ಯಂತ್ರದ ಸದ್ದು ಇಲ್ಲ, ರಸ್ತೆ ಸದ್ದು ಇಲ್ಲ. ಬೆರಳು ನೋವು ಕೂಡ ಮರೆತುಹೋಯ್ತು.”

“ಮೌನ ಬೇಕಾದ್ರೆ ನಿನ್ನ ಕೋಣೇಲಿ ಬೇಕಾದಷ್ಟಿದೆಯಲ್ಲೋ.”

ಅವನು ತಟ್ಟೆಯಲ್ಲಿ ಬೆರಳಾಡಿಸಿದ. “ಅದು ಬೇರೆ ಅತ್ತಿಗೆ. ಕೋಣೇದು ನನ್ನನ್ನ ಮರೆತು ಹೋದ ಮೌನ. ಕಾರಿಂದು ಹಾಗಲ್ಲ, ನನಗೋಸ್ಕರ ಅಂತ ಯಾರೋ ಬಾಗಿಲು ಹಾಕಿದ ಹಾಗಿರುತ್ತೆ.”

ನಾನು ಮತ್ತೆ ತಮಾಷೆ ಮಾಡಲಿಲ್ಲ. ದುಡ್ಡಿನ ಚಿಂತೆ ಅವನಿಗಿರಲಿಲ್ಲ. ಜೀವಮಾನವಿಡೀ ಏನನ್ನೂ ಕೊಳ್ಳದವನ ದುಡ್ಡು ಎಲ್ಲಿಗೆ ಹೋಗುತ್ತದೆ? ಬೇಕು ಎಂದು ಅವನು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಗಾದರೂ ಮಾಡಿ ಇವನು ಇದೊಂದನ್ನು ಕೈಚಾಚಿ ತಗೊಳ್ಳಲಿ, ನೋಡಿ ನೋಡಿ ಬಿಡದಿರಲಿ ಎಂದು ನನಗೆ ಹಟ ಹುಟ್ಟಿತು.

ಅಲ್ಲಿಂದ ಶುರುವಾದವು ನಮ್ಮ ಭಾನುವಾರಗಳು. ಹೊಸ ಕಾರು ಅವನಿಗೆ ಬೇಡ. “ಹೊಸದು ಹೇಗೆ ಹಾಳಾಗುತ್ತೆ ಅಂತ ಯಾರಿಗೂ ಗೊತ್ತಿರಲ್ಲ ಅತ್ತಿಗೆ. ಹಳೇದರ ಗುಣ ಹೊರಗೆ ಬಿದ್ದಿರುತ್ತೆ” ಎನ್ನುತ್ತಿದ್ದ. ಮಾರಾಟಕ್ಕಿದೆ ಎಂದು ಕೇಳಿದ ಕಡೆಗೆಲ್ಲ ಬಸ್ಸು ಹತ್ತಿ ಹೋಗುತ್ತಿದ್ದೆವು. ನನ್ನ ಕೆಲಸ ಹಿಂದಿನ ಸೀಟಿನಲ್ಲಿ ಕೂತು ಸದ್ದು ಕೇಳುವುದು. ಅವನು ಬಾಗಿಲ ಸುತ್ತಲಿನ ರಬ್ಬರನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದ, ಮೂಸುತ್ತಿದ್ದ, ಅಡಿಯಲ್ಲಿ ಮಲಗಿ ನೋಡುತ್ತಿದ್ದ. ಇದೆಲ್ಲ ಮುಗಿದ ಮೇಲೆ ಮಾರುವವರ ಬೂಟು ನೋಡುತ್ತಿದ್ದ. ಮನುಷ್ಯ ಗಾಡಿಯನ್ನು ಹೇಗೆ ನಡೆಸಿಕೊಂಡಿದ್ದಾನೆ ಎಂಬುದು ಅವನ ಅಟ್ಟೆಯಲ್ಲಿ ಬರೆದಿರುತ್ತದೆ ಎಂಬುದು ಅವನ ನಂಬಿಕೆ. ಒಬ್ಬ ಕಂಟ್ರಾಕ್ಟರನ ಬಳಿ ಕನ್ನಡಿಯಂಥ ಕಾರಿತ್ತು. ಇವನು ನನ್ನನ್ನು ಪಕ್ಕಕ್ಕೆ ಎಳೆದು ಪಿಸುಗುಟ್ಟಿದ, “ಬಲಗಾಲಿನ ಬೂಟಿನ ಮೂತಿ ಸವೆದಿದೆ. ಬ್ರೇಕು ಒದೆಯೋ ಆಸಾಮಿ. ನಡೀರಿ.” ಇನ್ನೊಬ್ಬ ರಬ್ಬರ್ ಚಪ್ಪಲಿಯಲ್ಲಿ ಬಂದಿದ್ದ. “ಬೂಟು ಹಾಕ್ಕೊಂಡು ಬಂದಿಲ್ಲ ಅಂದ್ರೆ ಏನೋ ಮುಚ್ಚಿಡ್ತಿದ್ದಾನೆ. ನಡೀರಿ.”

ಎಲ್ಲ ಭಾನುವಾರವೂ ‘ನಡೀರಿ’ ಎಂದೇ ಮುಗಿಯುತ್ತಿತ್ತು. ವಾರದ ಮಧ್ಯೆ ಗ್ಯಾರೇಜಿಗೆ ಹೋಗಿ ಗಾಡಿ ಓಡಿಸಲು ಕಲಿಯುತ್ತಾ ದಪ್ಪಣ್ಣನ ತಲೆ ತಿನ್ನುತ್ತಿದ್ದ. ದಪ್ಪಣ್ಣ ಎಂದರೆ ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ಕು. ಕಾರಿನ ಅಡಿಗೆ ತೂರಲು ಆಗದಷ್ಟು ಹೊಟ್ಟೆ, ಬೀದಿಗೆಲ್ಲ ಕೇಳಿಸುವಷ್ಟು ಬಾಯಿ.

“ಬಾಳಿಕೆ ಸಾರ್, ಬರೆದಿಟ್ಕೊಳಿ” ಎನ್ನುತ್ತಿದ್ದ ಅವನು. “ದೊಡ್ಡ ಕಾರು ಅಂದ್ರೆ ಶ್ರೀಮಂತರ ಮನೆ ಅಳಿಯ ಇದ್ದಂಗೆ. ಹೊಸದರಲ್ಲಿ ಬಲು ಗಾಂಭೀರ್ಯ. ವಯಸ್ಸಾದ ಮೇಲೆ ದಿನಕ್ಕೊಂದು ಕೇಳುತ್ತೆ. ಕೊಡಲಿಲ್ವೋ, ನಡುರಸ್ತೇಲಿ ಮುನಿಸ್ಕೊಂಡು ಕೂತ್ಬಿಡುತ್ತೆ.”

“ಇಂಜಿನ್ನು?”

“ಇಂಜಿನ್ನು ನಮ್ಮಿಬ್ಬರನ್ನೂ ಸಾಗಹಾಕಿ ಆಮೇಲೂ ಓಡುತ್ತೆ. ಕಾಟ ಕೊಡೋದು ಅದಲ್ಲ. ರಬ್ಬರು, ವೈರು, ಆ ಗಾಳಿಚೀಲ. ಇಂಥ ಕಾರು ಸ್ಪ್ರಿಂಗಿನ ಮೇಲೆ ಕೂರಲ್ಲ, ಗಾಳಿ ತುಂಬಿದ ಚೀಲದ ಮೇಲೆ ಕೂರುತ್ತೆ. ಚೀಲ ಬಿರಿಯಿತೋ, ಬೆಳಿಗ್ಗೆ ಎದ್ದು ನೋಡಿದ್ರೆ ಕಾರು ಈಯಕ್ಕೆ ಬಂದ ಎಮ್ಮೆ ಹಂಗೆ ನೆಲ ಹಿಡಿದಿರುತ್ತೆ.”

ಗಾಳಿಚೀಲದ ಮಾತು ಇವನ ತಲೆ ಹೊಕ್ಕಿತು. ಅದೂ ಅಟ್ಟೆಯ ಹಾಗೆ ಮಡಿಸಿ ಬಿಚ್ಚುವ ರಬ್ಬರೇ ಅಲ್ಲವೇ? ಎಷ್ಟು ವರ್ಷಕ್ಕೆ ಬಿರಿಯುತ್ತದೆ ಎಂದು ಕಾರಿದ್ದವರನ್ನೆಲ್ಲ ಕೇಳತೊಡಗಿದ. ಹೋಟೆಲಿನ ಮುಂದೆ ನಿಂತ ಡ್ರೈವರುಗಳನ್ನು ಕೇಳಿದ. ಹೆಣ ಸಾಗಿಸುವ ದೊಡ್ಡ ಗಾಡಿಯ ಡ್ರೈವರನ್ನೂ ಕೇಳಿದ. ಅವನು, “ನನ್ನ ಗಿರಾಕಿಗಳು ಇಲ್ಲಿ ತನಕ ದೂರು ಕೊಟ್ಟಿಲ್ಲ ಸಾರ್” ಅಂದನಂತೆ.

ಹಲ್ಲಿನ ಡಾಕ್ಟರಮ್ಮನ ಮನೆಗೆ ನಾವು ಹೋದದ್ದು ದಪ್ಪಣ್ಣ ಹೇಳಿದ ಮೇಲೆ. ಊರಿನ ಇನ್ನೊಂದು ತುದಿ. ಮುಂದೆ ಚಿಕಿತ್ಸೆಯ ಕೋಣೆ, ಹಿಂದೆ ಮನೆ, ಪಕ್ಕದಲ್ಲಿ ತಗಡಿನ ಶೆಡ್ಡು. ಶೆಡ್ಡಿನಲ್ಲಿ ಬಟ್ಟೆ ಹೊದ್ದುಕೊಂಡ ಕಾರು. ಡಾಕ್ಟರಮ್ಮ ಅರವತ್ತರ ಆಸುಪಾಸಿನವರು, ತೆಳ್ಳಗೆ, ನೆಟ್ಟಗೆ. ಬಟ್ಟೆಯ ಒಂದು ತುದಿ ಅವರು ಹಿಡಿದರು, ಇನ್ನೊಂದು ತುದಿ ಇವನು. ಹಾಸಿಗೆಯ ಹೊದಿಕೆ ಮಡಿಸುವವರ ಹಾಗೆ ಇಬ್ಬರೂ ಹತ್ತಿರ ಬಂದು, ಮಡಿಸಿ, ದೂರ ಹೋಗಿ, ಮತ್ತೆ ಹತ್ತಿರ ಬಂದರು. ಕೆಳಗಿದ್ದದ್ದು ಕಪ್ಪಿಗೆ ತಿರುಗಿದ ನೀಲಿಯ ಉದ್ದನೆಯ ಕಾರು.

ಇವನು ಮಾತ್ರ ಕಾರು ಬಿಟ್ಟು ಕೆಳಗೆ ನೋಡುತ್ತಿದ್ದ.

“ಏನು ಬಿದ್ದುಹೋಯ್ತಾ?” ಎಂದರು ಡಾಕ್ಟರಮ್ಮ.

“ಇಲ್ಲ, ನಿಮ್ಮ ಹಿಮ್ಮಡಿ ನೋಡ್ತಿದ್ದೆ.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ಮಾತ್ರ, “ನಾನು ಕಂಡ ಕೂಡಲೇ ಜನ ಬಾಯಿ ತೆಗೀತಾರೆ. ನೀವೊಬ್ಬರು ಕಾಲು ನೋಡ್ತೀರಿ” ಎಂದು ನಕ್ಕು, ಒಂದು ಕಾಲಿನ ಬೂಟು ಬಿಚ್ಚಿ ಅವನ ಕೈಗೇ ಕೊಟ್ಟುಬಿಟ್ಟರು. ಒಂಟಿಕಾಲಲ್ಲಿ ಕಾರಿಗೆ ಒರಗಿ ನಿಂತರು. ಇವನು ಅಟ್ಟೆಯನ್ನು ಬೆಳಕಿಗೆ ಹಿಡಿದ, ಬಗ್ಗಿಸಿದ, ಹೆಬ್ಬೆರಳು ಆಡಿಸಿದ. ಆಮೇಲೆ ಬಗ್ಗಿ ಆಕೆಯ ಕಾಲಿನ ಹತ್ತಿರ ಅದನ್ನು ಇಟ್ಟ.

ಬಸ್ಸಿನಲ್ಲಿ ಬರುವಾಗ, “ಸಮವಾಗಿ ಸವೆದಿದೆ ಅತ್ತಿಗೆ” ಅಂದ. “ಇಷ್ಟು ಸಮವಾಗಿ ಸವೆದದ್ದು ನಾನು ನೋಡೇ ಇಲ್ಲ.” ‘ನಡೀರಿ’ ಎಂಬ ಮಾತು ಅವತ್ತು ಬರಲಿಲ್ಲ.

ಮುಂದಿನ ಸಲ ದಪ್ಪಣ್ಣನನ್ನೂ ಕರೆದುಕೊಂಡು ಹೋದೆವು. ಅವನು ಮುಚ್ಚಳ ತೆಗೆದು ನೋಡಿ, ಗಾಡಿ ಗಟ್ಟಿ, ಆದರೆ ಬಹಳ ಕಾಲ ನಿಂತಿದೆ, ಓಡಿಸುತ್ತಿದ್ದರೆ ಸರಿಹೋಗುತ್ತದೆ ಎಂದು ಹೇಳಿ ತನ್ನ ಪಾಡಿಗೆ ಹೊರಟುಹೋದ. ಇವನು ಹೊರಡಲಿಲ್ಲ. ಡಾಕ್ಟರಮ್ಮ ಚಹಾ ಮಾಡಿದರು. ಕುಡಿಯುವಾಗ ಇವನು ಒಂದು ಕಡೆಯೇ ಬಿಸ್ಕತ್ತು ಅಗಿಯುವುದನ್ನು ಕಂಡು, ಎಬ್ಬಿಸಿಕೊಂಡು ಹೋಗಿ ಚಿಕಿತ್ಸೆಯ ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ ಬಾಯಿ ನೋಡಿದರು.

“ಹೇಗಿದೆ?” ಎಂದು ನಾನು ಬಾಗಿಲಲ್ಲಿ ನಿಂತು ಕೇಳಿದೆ.

“ಕೆಳಗಿನ ಸಾಲು ಬಾಳಿಕೆ ಬರುತ್ತೆ. ಮೇಲಿನದಕ್ಕೆ ನಾನು ಹೊಣೆಯಲ್ಲ” ಎಂದರು ಆಕೆ, ಇವನದೇ ಧಾಟಿಯಲ್ಲಿ. ಬಾಯಿ ತೆರೆದುಕೊಂಡು ಮಲಗಿದ್ದವನು ಆ ಸ್ಥಿತಿಯಲ್ಲೇ ನಕ್ಕ. ಅವನು ಹಾಗೆ ನಕ್ಕದ್ದನ್ನು ನಾನು ಅವನ ಅಣ್ಣ ಹೋದ ಮೇಲೆ ಕಂಡಿರಲಿಲ್ಲ.

ಕಾರು ಯಾಕೆ ಮಾರುತ್ತೀರಿ ಎಂದು ಕೇಳಿದ್ದಕ್ಕೆ, “ದೂರದ ಊರಲ್ಲಿ ತಂಗಿ ಇದ್ದಾಳೆ. ಇಲ್ಲೊಬ್ಬಳೇ ಇದ್ದು ಏನು ಮಾಡ್ತೀಯ, ಬಾ ಅಂತಾಳೆ. ಕಾರು ಹೋಗಲಿ, ಆಮೇಲೆ ನೋಡೋಣ ಅಂತಿದ್ದೀನಿ. ಮನಸ್ಸು ಇನ್ನೂ ಗಟ್ಟಿಯಾಗಿಲ್ಲ” ಎಂದರು. ಹಾಗೆ ಹೇಳುವಾಗ ನನ್ನ ಕಡೆ ನೋಡುತ್ತಿರಲಿಲ್ಲ.

ಹಿಂತಿರುಗುವಾಗ ನಾನು ಕೆಣಕಿದೆ. “ಏನಪ್ಪಾ, ನೀನು ನೋಡೋಕೆ ಹೋಗಿದ್ದು ಕಾರನ್ನೋ, ಕಾರಿನ ಯಜಮಾನೀನೋ?”

“ಅತ್ತಿಗೆ, ಸುಮ್ನಿರಿ. ಬಸ್ಸಲ್ಲಿ ಜನ ಇದ್ದಾರೆ.”

ಅವನ ಕಿವಿ ಕೆಂಪಾಗಿತ್ತು. ನನಗೆ ಸಂತೋಷವಾಯಿತು. ಅದರ ಹಿಂದೆಯೇ, ಸೂರಿನ ಮೇಲೆ ಹೆಜ್ಜೆ ಕೇಳದ ಮನೆ ಹೇಗಿರುತ್ತದೆ ಎಂಬ ಯೋಚನೆಯೂ ಬಂತು. ಅದನ್ನು ಅಲ್ಲೇ ತಳ್ಳಿಹಾಕಿದೆ.

ಮೂರನೆಯ ಸಲ ಹೋದದ್ದು ಮಾತು ಮುಗಿಸಿಕೊಂಡು ಬರೋಣ ಎಂದು. ಇವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಡಾಕ್ಟರಮ್ಮ ಒಳಗೆ ಬನ್ನಿ ಎಂದರೂ, “ಒಂದು ನಿಮಿಷ, ಆ ಗಾಳಿಚೀಲ ಇನ್ನೊಂದು ಸಲ ನೋಡ್ಕೊಂಡು ಬರ್ತೀನಿ” ಎಂದು ಶೆಡ್ಡಿಗೆ ಹೋದ. ನಾವಿಬ್ಬರೂ ಒಳಗೆ ಚಹಾ ಕುಡಿಯುತ್ತಾ ಕೂತೆವು. ಗೋಡೆಯ ಮೇಲೆ ಸುಣ್ಣ ಮಾಸದೆ ಉಳಿದ ಒಂದು ಚೌಕವಿತ್ತು. ಏನೋ ಬಹಳ ಕಾಲ ನೇತುಹಾಕಿ ತೆಗೆದ ಗುರುತು.

“ಅಲ್ಲೇನಿತ್ತಮ್ಮ?” ಎಂದೆ, ಸುಮ್ಮನೆ ಮಾತಿಗೆ.

“ಮದುವೆ ಫೋಟೋ.” ಅಷ್ಟು ಹೇಳಿ ಆಕೆ ಅದನ್ನೇ ನೋಡುತ್ತಾ ಕೂತರು. ನಾನು ನಾಲಿಗೆ ಕಚ್ಚಿಕೊಂಡೆ.

ಅದೇ ಹೊತ್ತಿಗೆ ಇವನು ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದ. ಫೋಟೋದ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಆಕೆಯ ಎದುರು ಕೂತು ಬಹಳ ಮರ್ಯಾದೆಯಿಂದ, ತಗ್ಗಿದ ದನಿಯಲ್ಲಿ ಕೇಳಿದ:

“ಒಂದು ಮಾತು ಕೇಳ್ಬೇಕು, ತಪ್ಪು ತಿಳ್ಕೋಬೇಡಿ. ನಿಮ್ಮದು ಎಷ್ಟು ವರ್ಷ ಬಾಳಿಕೆ ಬಂತು?”

ಆಕೆ ಚೌಕದಿಂದ ಕಣ್ಣು ತೆಗೆದು ಅವನನ್ನು ನೋಡಿದರು. ಕೋಪವಿರಲಿಲ್ಲ. ಯಾರೂ ಕೇಳದೆ ಉಳಿದದ್ದನ್ನು ಕೊನೆಗೂ ಒಬ್ಬ ಕೇಳಿದ ಎಂಬ ಹಾಗಿತ್ತು ಮುಖ.

“ಬಾಳಿಕೆ ಬರಲೇ ಇಲ್ಲ ಅನ್ನಿ. ಮೊದಲನೇ ವರ್ಷಾನೇ ಒಳಗೆ ಬಿರುಕು ಬಿಟ್ಟಿತ್ತು.”

“ಮೊದಲನೇ ವರ್ಷಾನೇ?”

“ಹ್ಞೂ. ಹೊರಗಡೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಹೊರಗೆ ಎಲ್ಲ ಫಳಫಳ ಹೊಳೀತಿತ್ತು. ನಾಲ್ಕು ಜನರ ಮುಂದೆ ಚೆನ್ನಾಗೇ ನಡೀತಿತ್ತು.”

“ಸರಿ ಮಾಡಿಸೋ ಪ್ರಯತ್ನ…?”

“ಎಷ್ಟು ಸಲ? ನಾನು ತೇಪೆ ಹಾಕೋದು, ಅದು ಅಲ್ಲೇ ಬಿಟ್ಕೊಳ್ಳೋದು. ಕೊನೆಗೆ ಕೈಬಿಟ್ಟೆ. ಇದನ್ನೆಲ್ಲ ನಾನು ಯಾರ ಹತ್ತಿರಾನೂ ಹೇಳಿರಲಿಲ್ಲ” ಎಂದರು.

ಇವನು ನಿಟ್ಟುಸಿರು ಬಿಟ್ಟ. ತೊಡೆಯ ಮೇಲೆ ಕೈಯೂರಿ ಎದ್ದ. “ನಿಜ ಹೇಳಿದ್ರಲ್ಲ, ಅಷ್ಟೇ ಸಾಕು. ಬೇರೆಯವರಾಗಿದ್ರೆ ಮುಚ್ಚಿಡ್ತಿದ್ರು. ಆದ್ರೆ ಒಳಗೆ ಬಿರುಕು ಬಿಟ್ಟ ಮೇಲೆ ತೇಪೆ ನಿಲ್ಲಲ್ಲ ಅಮ್ಮ, ಅದು ನನಗೆ ಗೊತ್ತಿರೋ ವಿಷಯ. ನನಗೆ ಇದು ಬೇಡ. ಈ ವಯಸ್ಸಲ್ಲಿ ನಾನು ಬಾಳಿಕೆ ಬರೋದನ್ನೇ ನೋಡ್ತಿರೋದು.”

ಡಾಕ್ಟರಮ್ಮ ಚಹಾದ ಲೋಟಗಳನ್ನು ಒಂದರೊಳಗೊಂದು ಇಟ್ಟರು. “ಸರಿ. ನಿಮ್ಮಿಷ್ಟ” ಎಂದರು. ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತ್ತು. ಆಕೆಯ ಸಂಸಾರದ ಕತೆ ಕೇಳಿಕೊಂಡು, ಮುಖದ ಮೇಲೆ ಹೊಡೆದ ಹಾಗೆ ಬೇಡ ಎಂದನಲ್ಲ! ಗೇಟು ದಾಟುವವರೆಗೆ ತಡೆದುಕೊಂಡೆ.

“ನಿನಗೇನು ಎದೇಲಿ ಕಲ್ಲಿದೆಯೇನೋ? ಕೇಳಬಾರದ್ದು ಕೇಳಿದ್ದೂ ಅಲ್ದೆ…”

“ಕೇಳದೆ ಹೇಗೆ ಅತ್ತಿಗೆ? ಕಾರು ತಗೊಳ್ಳೋನು ಕಾರಿನ ಬಗ್ಗೆ ಕೇಳದೆ ಇರಕ್ಕಾಗುತ್ತಾ? ಮೊದಲನೇ ವರ್ಷಾನೇ ಗಾಳಿಚೀಲ ಒಳಗೆ ಬಿರುಕು ಬಿಟ್ಟಿತ್ತಂತೆ. ದಪ್ಪಣ್ಣ ಕಂಡುಹಿಡೀಲಿಲ್ಲ ನೋಡಿ. ಆದ್ರೂ ಬಹಳ ಪ್ರಾಮಾಣಿಕ ಹೆಂಗಸು ಬಿಡಿ.”

ನಾನು ರಸ್ತೆಯ ಮಧ್ಯದಲ್ಲೇ ನಿಂತೆ. ಸೈಕಲ್ಲಿನವನೊಬ್ಬ ಬೈದುಕೊಂಡು ಹೋದ.

“ಆಕೆ ಕಾರಿನ ಮಾತು ಎಲ್ಲಾಡಿದ್ರೋ, ಮಂಕೇ?”

“ಮತ್ತೆ?”

“ಸಂಸಾರದ ಮಾತು! ಗಂಡನ ಜೊತೆ ಬಾಳಿದ್ದರ ಮಾತು! ನಿಮ್ಮದು ಎಷ್ಟು ವರ್ಷ ಬಾಳಿಕೆ ಬಂತು ಅಂದ್ರೆ ಹೆಂಗಸರು ಏನಂತ ತಿಳ್ಕೋಬೇಕು?”

“ನಾನು ಕೇಳಿದ್ದು ಗಾಳಿಚೀಲ…” ಎಂದ. ಅಷ್ಟೇ. ಆಡಿದ ಮಾತುಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ನೋಡುತ್ತಿರುವುದು ಅವನ ಮುಖದಲ್ಲೇ ಕಾಣುತ್ತಿತ್ತು. ಕೊನೆಯ ಮಾತಿಗೆ ಬಂದಾಗ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತ. ಈಗಲೇ ವಾಪಸ್ ಹೋಗಿ ಹೇಳು ಎಂದು ನಾನು ತೋಳು ಹಿಡಿದು ಎಳೆದೆ. ಏಳಲಿಲ್ಲ.

“ಹೇಗೆ ಹೇಳೋದು ಅಂತ ಸ್ವಲ್ಪ ಯೋಚನೆ ಮಾಡ್ತೀನಿ ಅತ್ತಿಗೆ. ಮತ್ತೆ ತಪ್ಪಾಗಬಾರದು.”

ಅವನ ಯೋಚನೆ ಎಂದರೆ ಗೊತ್ತಲ್ಲ. ಮಡಿಸಿ ಬಿಚ್ಚಿ, ಮಡಿಸಿ ಬಿಚ್ಚಿ. ಒಂದು ವಾರವಾಯಿತು, ಇನ್ನೊಂದಾಯಿತು. ಮೆಟ್ಟಿಲ ಮೇಲೆ ಊಟಕ್ಕೆ ಕೂತಾಗೆಲ್ಲ ನನ್ನ ಮೇಲೆ ಹೊಸ ಹೊಸ ಮಾತು ಪ್ರಯೋಗ ಮಾಡುತ್ತಿದ್ದ. “ಹೀಗಂದ್ರೆ ಹೇಗೆ ಅತ್ತಿಗೆ? ‘ಅಮ್ಮ, ಅವತ್ತು ನಾನು ಕೇಳಿದ್ದು ರಬ್ಬರಿನ ವಿಷಯ’…” “ಅದನ್ನೇ ಹೇಳೋ, ಹೋಗಿ ಹೇಳು.” “ಬರೀ ಅಷ್ಟೇ ಹೇಳಿದ್ರೆ ಒರಟಾಗಲ್ವಾ? ‘ನಿಮ್ಮ ಬಗ್ಗೆ ನನಗೆ ಗೌರವ ಇದೆ’ ಅಂತ ಸೇರಿಸ್ಲಾ?” “ಸೇರಿಸು.” “ಗೌರವ ಅಂದ್ರೆ ದೂರ ಇಟ್ಟ ಹಾಗಾಗಲ್ವಾ?” ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು. ಕೊನೆಗೆ ಒಂದು ಭಾನುವಾರ ನಾನೇ ಸೆರಗು ಬಿಗಿದು, “ನೀನು ಬರದಿದ್ರೆ ನಾನೊಬ್ಬಳೇ ಹೋಗ್ತೀನಿ” ಎಂದು ಹೊರಟೆ. ಹಿಂದೆಯೇ ಬಂದ.

ಗೇಟಿನಲ್ಲಿ ಇಬ್ಬರು ಕೂಲಿಯವರು ಹಲ್ಲಿನ ಚಿಕಿತ್ಸೆಯ ಕುರ್ಚಿಯನ್ನು ಹೊರಗೆ ಸಾಗಿಸುತ್ತಿದ್ದರು. ಒಳಗೆ ಕಟ್ಟಿದ ಪೆಟ್ಟಿಗೆಗಳು. ನಮ್ಮನ್ನು ಕಂಡು ಡಾಕ್ಟರಮ್ಮ ಹಗ್ಗ ಬಿಟ್ಟು ಎದ್ದು ನಿಂತರು. ಇಷ್ಟು ದಿನ ತಿದ್ದಿ ತೀಡಿದ ಮಾತೆಲ್ಲ ಇವನ ಬಾಯಿಂದ ಹಾರಿಹೋಗಿತ್ತು. “ಗಾಳಿಚೀಲ ಅಮ್ಮ… ನಾನು ಕೇಳಿದ್ದು ಕಾರಿನ ಗಾಳಿಚೀಲ” ಎಂದು ಅಷ್ಟನ್ನೇ ತಿರುಗಾ ಮುರುಗಾ ಹೇಳಿದ.

ಆಕೆಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಪೆಟ್ಟಿಗೆಯ ಮೇಲೆ ಕೂತು ನಗತೊಡಗಿದರು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಹಾಗಾದ್ರೆ ನನ್ನ ಮದುವೆಗೆ ನೀವು ತೇಪೆ ನಿಲ್ಲಲ್ಲ ಅಂದಿದ್ದು, ಗಾಳಿಚೀಲ ಅಂದ್ಕೊಂಡಾ! ಅಯ್ಯೋ ದೇವರೇ. ನಾನೇನೋ…” ಎಂದು ನಿಲ್ಲಿಸಿದರು. ನಗು ನಿಧಾನವಾಗಿ ಇಳಿಯಿತು. “ಅವತ್ತು ನೀವು ಹೋದ ಮೇಲೆ ತಂಗಿಗೆ ಫೋನ್ ಮಾಡಿ, ಬರ್ತೀನಿ ಅಂದುಬಿಟ್ಟೆ. ಈ ಮನೆ ಬೇರೆಯವರಿಗೆ ಆಯ್ತು. ಕುರ್ಚೀನೂ ಹೋಯ್ತು ನೋಡಿ.”

“ಹೋಗೋದು ಖಾತ್ರಿನಾ?” ಎಂದ ಇವನು.

“ಖಾತ್ರಿ ಮಾಡಿದ್ದೀನಿ.”

ಹಾಗೆಂದವರು ಅವನನ್ನೇ ನೋಡುತ್ತಾ ಕೂತರು. ನಾನು ಮನಸ್ಸಿನಲ್ಲೇ ಅವನನ್ನು ಹಿಂದಿನಿಂದ ತಳ್ಳುತ್ತಿದ್ದೆ. ಹೇಳೋ, ಬೇಡ ಅನ್ನು, ಒಂದು ಮಾತು. ಅವನು ಗಂಟಲು ಸರಿಮಾಡಿಕೊಂಡ.

“ಅಲ್ಲಿ ತಂಗಿ ಮನೆ ಗಟ್ಟಿಯಾಗಿದೆಯಾ?”

ಆಕೆ ಪೆಟ್ಟಿಗೆಯಿಂದ ಎದ್ದರು. “ಗಟ್ಟಿಯಾಗಿದೆ” ಎಂದರು. ಒಳಗೆ ಹೋಗಿ ಕಾರಿನ ಕೀಲಿ ತಂದು ಅವನ ಕೈಯಲ್ಲಿಟ್ಟರು.

ಕಾರು ಅವನದಾಯಿತು. ಬಾಳಿಕೆ ಕಾರು ಕೊಂಡ ಎಂದು ಬೀದಿಯೆಲ್ಲ ಬಂದು ನೋಡಿತು, ಕಣ್ಣು ಕಾಣದ ಎದುರುಮನೆಯ ಮುದುಕ ಬಂದು ಸವರಿ ನೋಡಿದ. ಅವನು ಅದನ್ನು ಮೊದಲ ಸಲ ಊರಲ್ಲಿ ಓಡಿಸಿದ್ದು ಡಾಕ್ಟರಮ್ಮನನ್ನು ರೈಲು ಹತ್ತಿಸಲು. ನಾನು ಹಿಂದೆ, ಆಕೆ ಮುಂದೆ. ಬಾಗಿಲು ಹಾಕಿದ ಕೂಡಲೇ ಅವನು ಹೇಳಿದ್ದು ನಿಜ ಎಂದು ಗೊತ್ತಾಯಿತು. ಆಚೆ ಸಂತೆಯಂಥ ರಸ್ತೆ, ಒಳಗೆ ಏನೂ ಇಲ್ಲ. ಆಕೆಯ ಬಳೆಯ ಸದ್ದು ಕೇಳುತ್ತಿತ್ತು. ಎಲ್ಲ ಗಾಡಿಗಳೂ ನಮ್ಮನ್ನು ದಾಟಿಕೊಂಡು ಹೋದವು. ಸ್ಟೇಷನ್ನು ಎದುರಿಗೆ ಕಂಡ ಮೇಲೆ ಅವನು ಬೇಕಂತಲೇ ಎಡಕ್ಕೆ ತಿರುಗಿ, ಇನ್ನೊಂದು ಸುತ್ತು ಹೊಡೆದು ಬಂದ. ಆಕೆ ದಾರಿ ತಪ್ಪಿತು ಎನ್ನಲಿಲ್ಲ. ರೈಲು ಹೊರಟ ಮೇಲೆ, “ಸೀಟು ಕಿಟಕಿ ಪಕ್ಕಾನೇ ಸಿಕ್ತು, ಒಳ್ಳೇದಾಯ್ತು” ಎಂದ.

ಆಮೇಲಿನ ದಿನಗಳಲ್ಲಿ ಆಕೆ ಆಗಾಗ ಫೋನ್ ಮಾಡುತ್ತಿದ್ದರು. ಫೋನಿರುವುದು ಕೆಳಗೆ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ. ನಾನು ಕೂಗಿದರೆ ಮೆಟ್ಟಿಲು ಧಡಧಡ ಇಳಿದು ಬರುತ್ತಿದ್ದ. ಜನ ಮಾತಾಡುತ್ತಾರೆ ಎಂಬುದು ಫೋನಿಗೆ ಅನ್ವಯಿಸುತ್ತಿರಲಿಲ್ಲ. “ಹೇಗಿದೆ?” ಎಂದು ಆಕೆ ಕೇಳಿದರೆ, “ಚೆನ್ನಾಗಿದೆ” ಎನ್ನುತ್ತಿದ್ದ. ಗಾಳಿಚೀಲ ಚೆನ್ನಾಗಿದೆ, ಟೈರು ಬದಲಾಯಿಸಿದೆ, ನಿನ್ನೆ ಅತ್ತಿಗೆಯನ್ನು ಕೆರೆಯವರೆಗೆ ಕರೆದುಕೊಂಡು ಹೋಗಿದ್ದೆ. ಇಬ್ಬರು ವಯಸ್ಸಾದವರು ಒಂದು ಕಾರಿನ ಆರೋಗ್ಯ ವಿಚಾರಿಸಿಕೊಳ್ಳುವುದನ್ನು ಕೇಳಿ ನಾನು ಪಾತ್ರೆ ತೊಳೆಯುತ್ತಾ ನಗುತ್ತಿದ್ದೆ.

ಕಳೆದ ಬಾರಿ ಫೋನ್ ಬಂದಾಗ ಮಾತು ಬೇಗ ಮುಗಿಯಿತು. ಅವನು ಫೋನಿಟ್ಟು ಅಲ್ಲೇ ನಿಂತಿದ್ದ.

“ಏನಂದ್ರೋ?”

“ಏನಿಲ್ಲ. ಹೇಗಿದ್ದೀರಿ ಅಂದ್ರು.”

“ನೀನೇನಂದೆ?”

“ಚೆನ್ನಾಗಿದೆ ಅಂದೆ. ಹೋದ ವಾರ ಆಯಿಲ್ ಬದಲಾಯಿಸ್ದೆ ಅಂದೆ.”

ನಾನು ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಅವನು ನನ್ನ ಮುಖ ನೋಡಿದ, ಆಮೇಲೆ ಫೋನು ನೋಡಿದ.

“ಹೇಗಿದೆ ಅನ್ನಲಿಲ್ಲ ಅಲ್ವಾ” ಎಂದ. “ಹೇಗಿದ್ದೀರಿ ಅಂದ್ರು.”

“ಹ್ಞೂ.”

“ನಾನು ಹಾಗಂದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ರು ಅತ್ತಿಗೆ. ಆಮೇಲೆ, ಸರಿ, ಇಡ್ತೀನಿ ಅಂದ್ರು.”

“ಈಗಲೇ ತಿರುಗಿ ಮಾಡು. ಹೇಗಿದ್ದೀಯ ಅಂತ ಹೇಳು. ಇದ್ದದ್ದನ್ನ ಇದ್ದ ಹಾಗೆ ಹೇಳು.”

ಅವನು ಫೋನಿನ ಮೇಲೆ ಕೈಯಿಟ್ಟ. ಎತ್ತಲಿಲ್ಲ. ಏನು ಹೇಳಬೇಕು ಎಂದು ಸ್ವಲ್ಪ ಯೋಚನೆ ಮಾಡಿ ನಾಳೆ ಮಾಡುತ್ತೇನೆ ಎಂದು ಹೇಳಿ ಮೆಟ್ಟಿಲು ಹತ್ತಿದ. ಮೇಲೆ ಅವನು ಈ ಗೋಡೆಯಿಂದ ಆ ಗೋಡೆಗೆ ಓಡಾಡುವುದು ಕೇಳಿಸುತ್ತಿತ್ತು.

ಆಕೆ ಮತ್ತೆ ಮಾಡಿಲ್ಲ. ಫೋನಿನ ಪಕ್ಕದಲ್ಲಿ ನಾನೊಂದು ಕುರ್ಚಿ ಹಾಕಿಟ್ಟಿದ್ದೇನೆ, ಬಂದರೆ ನಿಂತುಕೊಂಡು ಮಾತಾಡುವುದು ಬೇಡ ಎಂದು. ಅವನು ದಿನಾ ಬೆಳಿಗ್ಗೆ ಕೆಳಗಿಳಿದು ಬರುತ್ತಾನೆ, ಕುರ್ಚಿ ನೋಡುತ್ತಾನೆ, ಇವತ್ತು ಭಾನುವಾರ ಅಲ್ಲವಲ್ಲ ಎಂದೋ, ಅವರ ತಿಂಡಿಯ ಹೊತ್ತು ಎಂದೋ ಏನಾದರೂ ಹೇಳಿ ಕಾರು ಒರೆಸಲು ಹೋಗುತ್ತಾನೆ.